ಕರೆ ಎತ್ತಿಕೊಂಡ ಮೇಲೆ ಮುಂದೇನು? 14416 ಸಹಾಯವಾಣಿಯನ್ನು ನಮ್ಮ ಜಿಲ್ಲೆಗೆ ವಿಸ್ತರಿಸುವ ಕುರಿತು

ಸೋಂದೆ ತೋಟಿಗ (ವಿಷಯ ಮಂಡನೆ)

ಮಾನಸಿಕ ಆರೋಗ್ಯದ ಸಹಾಯವಾಣಿಯನ್ನು ರಾಜ್ಯದಲ್ಲಿ ವಿಸ್ತರಿಸಬೇಕೆಂಬ ಮಾತು ಬಂದಾಗಲೆಲ್ಲ ಇನ್ನಷ್ಟು ಕುರ್ಚಿ, ಇನ್ನಷ್ಟು ಹೆಡ್‌ಫೋನು, ಇನ್ನಷ್ಟು ಆಪ್ತಸಮಾಲೋಚಕರು ಎನ್ನುವಲ್ಲಿಗೆ ಚರ್ಚೆ ನಿಂತುಬಿಡುತ್ತದೆ. ಅವೆಲ್ಲ ಬೇಕು, ಒಪ್ಪುತ್ತೇನೆ. ಆದರೆ ಘಟ್ಟದ ಮೇಲೂ ಕೆಳಗೂ ಚೆದುರಿದ ಹನ್ನೆರಡು ತಾಲ್ಲೂಕುಗಳ ಈ ಉತ್ತರ ಕನ್ನಡ ಜಿಲ್ಲೆಯಲ್ಲಿ ಕುಳಿತವನಿಗೆ ಕೊರತೆ ಕಾಣುವುದು ಕರೆ ಸ್ವೀಕರಿಸುವವರ ಬದಿಗಿಂತ ಹೆಚ್ಚಾಗಿ ಕರೆ ಮಾಡಿದವನ ಬದಿಯಲ್ಲಿ.

ಗೊತ್ತಿಲ್ಲದವರಿಗಾಗಿ ಎರಡು ಮಾತು. 2022ರ ಕೇಂದ್ರ ಬಜೆಟ್ಟಿನಲ್ಲಿ ಘೋಷಣೆಯಾಗಿ, ಅದೇ ವರ್ಷ ಅಕ್ಟೋಬರ್ 10ರಂದು, ಅಂದರೆ ವಿಶ್ವ ಮಾನಸಿಕ ಆರೋಗ್ಯ ದಿನದಂದು ಆರಂಭವಾದ ಸೇವೆಯ ಹೆಸರು ಟೆಲಿ ಮಾನಸ್. ಸಂಖ್ಯೆ 14416. ಹಗಲಿರುಳೂ ನಡೆಯುತ್ತದೆ, ಕರೆಗೆ ಹಣವಿಲ್ಲ. ಇಡೀ ದೇಶದ ವ್ಯವಸ್ಥೆಗೆ ಬೆಂಗಳೂರಿನ ನಿಮ್ಹಾನ್ಸ್ ಕೇಂದ್ರಸ್ಥಾನದಲ್ಲಿದೆ. ತಂತ್ರಜ್ಞಾನದ ಹೊಣೆ ಬೆಂಗಳೂರಿನದೇ ಐಐಐಟಿಯದು. ಹೀಗಾಗಿ ಇದು ಎಲ್ಲಿಂದಲೋ ಬಂದ ಯೋಜನೆಯೆಂದು ಕನ್ನಡಿಗರು ದೂರ ನಿಲ್ಲಲು ಕಾರಣವಿಲ್ಲ.

ಹೋದ ಮಳೆಗಾಲದಲ್ಲಿ ನಡೆದದ್ದನ್ನು ಹೇಳುತ್ತೇನೆ. ನಮ್ಮೂರಿನ ಒಬ್ಬ ಬೆಳೆಗಾರನ ಅಡಿಕೆ ತೋಟಕ್ಕೆ ಎಲೆಚುಕ್ಕಿ ರೋಗ ಬಂದು ಎರಡು ವರ್ಷವಾಗಿತ್ತು. ಅದರ ಮೇಲೆ ಕೊಳೆ. ಸಾಲದ ಕಂತು ಬಾಕಿ, ಮಗ ದೂರದ ಊರಿನಲ್ಲಿ, ಮನೆಯಲ್ಲಿ ವಯಸ್ಸಾದ ತಾಯಿ. ತಿಂಗಳುಗಟ್ಟಲೆ ಆತ ರಾತ್ರಿ ಜಗಲಿಯ ಮೇಲೆ ಕುಳಿತಿರುತ್ತಿದ್ದ. ಕೇಳಿದರೆ ನಿದ್ದೆ ಬರುವುದಿಲ್ಲ, ಮಂಡೆಬಿಸಿ ಎಂದಷ್ಟೇ ಹೇಳುತ್ತಿದ್ದ. ಒಂದು ರಾತ್ರಿ ಅವನಿಂದಲೇ 14416ಕ್ಕೆ ಫೋನ್ ಮಾಡಿಸಿದೆವು. ಆ ಕಡೆಯ ಹೆಣ್ಣುಮಗಳು ಬಹಳ ತಾಳ್ಮೆಯಿಂದ, ಅಡಿಕೆ ಎಂದರೇನೆಂದು ಗೊತ್ತಿರುವವಳಂತೆ ಮಾತನಾಡಿದಳು. ನಡುವೆ ಎರಡು ಸಲ ಕರೆ ಕತ್ತರಿಸಿತು. ಕೊನೆಗೆ, ನೀವು ಒಮ್ಮೆ ಮನೋವೈದ್ಯರನ್ನು ಕಾಣುವುದು ಒಳ್ಳೆಯದು ಎಂದಳು. ಸರಿಯಾದ ಸಲಹೆಯೇ. ಆದರೆ ನಾವು ಹೋದ ದಿನ ವೈದ್ಯರು ರಜೆಯಲ್ಲಿದ್ದರು. ಮುಂದಿನ ವಾರ ಬನ್ನಿ ಎಂದು ಚೀಟಿ ಬರೆಯುವಲ್ಲಿ ಹೇಳಿದರು. ಆ ಏಳು ದಿನಗಳನ್ನು ನಾವು ನಾಲ್ಕು ಮನೆಯವರು ಪಾಳಿ ಹಾಕಿಕೊಂಡು ಅವನೊಂದಿಗೆ ಕಳೆದೆವು. ಕೊನೆಗೆ ಹುಬ್ಬಳ್ಳಿಗೆ ಕರೆದೊಯ್ದೆವು. ಈಗ ಔಷಧ ನಡೆಯುತ್ತಿದೆ, ಈ ಸಲ ಅಡಿಕೆಯ ಕೊನೆಕೊಯ್ಲಿಗೆ ತಾನೇ ನಿಂತಿದ್ದ.

ನೆರೆಯವರಿಲ್ಲದ ಒಂಟಿಮನೆಯವನಾಗಿದ್ದರೆ ಆ ಏಳು ದಿನ ಯಾರ ಲೆಕ್ಕಕ್ಕೆ ಹೋಗುತ್ತಿತ್ತು ಎಂಬುದೇ ನನ್ನ ಪ್ರಶ್ನೆ. ಜಿಲ್ಲಾಡಳಿತಕ್ಕೆ ಒಂದು ಮನವಿ ಬರೆಯುತ್ತಿದ್ದೇವೆ. ಅದರಲ್ಲಿ ಏನಿರಬೇಕು, ಏನಿರಬಾರದು ಎಂದು ತಿಳಿಸಿ.

ಕಾರವಾರದ ನಿವೃತ್ತ ಶುಶ್ರೂಷಕಿ

ನಿಮ್ಮ ಅಳಲು ನ್ಯಾಯವಾದುದು. ಆದರೆ ಕಾಗದದ ಮೇಲೆ ಈ ಸೇವೆಗೆ ಎರಡು ಹಂತಗಳಿವೆ ಎಂಬುದನ್ನು ಮನವಿಯಲ್ಲಿ ಮರೆಯಬೇಡಿ. ಮೊದಲನೆಯ ಹಂತದಲ್ಲಿ ತರಬೇತಿ ಪಡೆದ ಆಪ್ತಸಮಾಲೋಚಕರು ಕರೆ ಸ್ವೀಕರಿಸುತ್ತಾರೆ. ಎರಡನೆಯ ಹಂತದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ ಅಥವಾ ವೈದ್ಯಕೀಯ ಕಾಲೇಜಿನ ತಜ್ಞರು ರೋಗಿಯನ್ನು ಎದುರಿನಲ್ಲಿ ಕಾಣಬೇಕು, ಇಲ್ಲವೇ ಸರ್ಕಾರದ ದೂರವೈದ್ಯ ಸೇವೆಯಾದ ಇ-ಸಂಜೀವಿನಿಯ ಮೂಲಕ ಪರದೆಯಲ್ಲಿ ಕಾಣಬೇಕು. ನಿಮ್ಮ ನೆರೆಯವನು ಎಡವಿದ್ದು ಈ ಎರಡು ಮೆಟ್ಟಿಲುಗಳ ನಡುವೆ. ಹೊಸ ಯೋಜನೆ ಕೇಳುವ ಬದಲು, ಇರುವ ಎರಡನೆಯ ಮೆಟ್ಟಿಲಿಗೆ ದಿನಾಂಕ ಮತ್ತು ಸಮಯ ನಿಗದಿಯಾಗಲಿ ಎಂದು ಕೇಳಿ: ಕರೆಯಲ್ಲಿ ವೈದ್ಯರನ್ನು ಕಾಣಿರಿ ಎಂದು ಹೇಳಿದವರೇ, ಇಂಥ ದಿನ ಇಂಥ ಆಸ್ಪತ್ರೆಯಲ್ಲಿ ನಿಮ್ಮ ಹೆಸರಿಗೆ ಸಮಯ ಇಟ್ಟಿದ್ದೇವೆ ಎಂದು ಅದೇ ಕರೆಯಲ್ಲಿ ಹೇಳುವಂತಾಗಬೇಕು.

ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರದಂದು ಮನೋವೈದ್ಯರು ಸರದಿಯಂತೆ ತಾಲ್ಲೂಕು ಆಸ್ಪತ್ರೆಗಳಿಗೆ ಹೋಗುವ ಏರ್ಪಾಡು ನಮ್ಮ ರಾಜ್ಯದಲ್ಲಿದೆ. ಬಹಳ ಒಳ್ಳೆಯ ಏರ್ಪಾಡು. ಆದರೆ ಬಿಕ್ಕಟ್ಟು ಮಂಗಳವಾರವನ್ನು ನೋಡಿಕೊಂಡು ಬರುವುದಿಲ್ಲ. ಉಳಿದ ದಿನಗಳಲ್ಲಿ ತಾಲ್ಲೂಕಿನ ಸಾಮಾನ್ಯ ವೈದ್ಯರು ಮೊದಲ ಔಷಧವನ್ನು ಆರಂಭಿಸಲು ಧೈರ್ಯ ಮಾಡಬೇಕು. ಅದಕ್ಕೆ ನಿಮ್ಹಾನ್ಸ್ ತರಬೇತಿ ಇದೆ, ಫೋನಿನಲ್ಲಿ ತಜ್ಞರ ಸಲಹೆಯೂ ಸಿಗುತ್ತದೆ. ಇದು ನಮ್ಮ ರಾಜ್ಯಕ್ಕೆ ಹೊಸ ವಿಚಾರವೇನಲ್ಲ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಂದಲೇ ಮಾನಸಿಕ ಚಿಕಿತ್ಸೆ ಕೊಡಿಸಿ ತೋರಿಸಿದರು. ಅದನ್ನೇ ಮಾದರಿಯಾಗಿಟ್ಟುಕೊಂಡು 1996ರಲ್ಲಿ ಜಿಲ್ಲಾ ಕಾರ್ಯಕ್ರಮ ದೇಶದಲ್ಲಿ ಆರಂಭವಾಯಿತು. ಬಳ್ಳಾರಿಯಲ್ಲಿ ನಲವತ್ತು ವರ್ಷದ ಹಿಂದೆ ಆದದ್ದು ಇಂದು ಸಿದ್ದಾಪುರದಲ್ಲಿ ಏಕೆ ಆಗಬಾರದು?

ಒಂದು ವಿಷಯದಲ್ಲಿ ಮಾತ್ರ ನಿಮ್ಮನ್ನು ಒಪ್ಪಲಾರೆ. ಆಪ್ತಸಮಾಲೋಚಕರ ಸಂಖ್ಯೆಯನ್ನು ಹಗುರವಾಗಿ ಕಾಣಬೇಡಿ. 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಬೇರೆ ಬೇರೆ ಮಾನಸಿಕ ಕಾಯಿಲೆಗಳಲ್ಲಿ ಚಿಕಿತ್ಸೆಯೇ ಸಿಗದವರ ಪ್ರಮಾಣ ನೂರಕ್ಕೆ 70ರಿಂದ 92. ಇವರಲ್ಲಿ ಕಾಲುಭಾಗ ಜನ ಫೋನ್ ಎತ್ತಿದರೂ ಸಾಲು ಎಲ್ಲಿಯವರೆಗೆ ಹೋದೀತು ಎಂದು ಯೋಚಿಸಿ.

ಡಿಗ್ಗಿ ಕಡೆಯವನು, ಜೋಯಿಡಾ

ನೀವೆಲ್ಲ ಎರಡನೆಯ ಮೆಟ್ಟಿಲಿನ ಮಾತಾಡುತ್ತಿದ್ದೀರಿ. ನಮ್ಮಲ್ಲಿ ಮೊದಲನೆಯದೇ ಇಲ್ಲ. ಆನ್‌ಲೈನ್ ತರಗತಿಯ ಕಾಲದಲ್ಲಿ ಮಕ್ಕಳು ಸಿಗ್ನಲ್ ಹುಡುಕಿ ಗುಡ್ಡ ಹತ್ತಿದ್ದನ್ನು ಪತ್ರಿಕೆಗಳಲ್ಲಿ ಎಲ್ಲರೂ ನೋಡಿದ್ದೀರಿ. ಗಣಿತದ ಪಾಠಕ್ಕೆ ಗುಡ್ಡ ಹತ್ತಬಹುದು. ಬದುಕು ಸಾಕಾಗಿದೆ ಎನ್ನುವ ಮನುಷ್ಯ, ಜುಲೈ ತಿಂಗಳಿನಲ್ಲಿ, ಕತ್ತಲಲ್ಲಿ, ಉಂಬಳ ಕಚ್ಚಿಸಿಕೊಂಡು ಗುಡ್ಡ ಹತ್ತಿ ಸಂಖ್ಯೆ ಒತ್ತಿ, ಕನ್ನಡಕ್ಕಾಗಿ ಇಂಥ ಗುಂಡಿ ಎಂಬ ಧ್ವನಿ ಕೇಳುತ್ತ ನಿಲ್ಲುತ್ತಾನೆಯೇ?

ಮೊಬೈಲ್ ಗೋಪುರ ಬಂದಿರುವ ಊರುಗಳಲ್ಲೂ ಕರೆಂಟ್ ಹೋಯಿತೆಂದರೆ ಬ್ಯಾಟರಿ ಕೆಲವೇ ಗಂಟೆ. ಗಾಳಿಮಳೆಗೆ ಮರ ಬಿದ್ದರೆ ನಾಲ್ಕೈದು ದಿನ ಜಗತ್ತಿನ ಸಂಪರ್ಕವೇ ಇಲ್ಲ. ಆದ್ದರಿಂದ ಮನವಿಯ ಮೊದಲ ಸಾಲು ಆರೋಗ್ಯ ಇಲಾಖೆಗೆ ಅಲ್ಲ, ದೂರಸಂಪರ್ಕದವರಿಗೆ ಮತ್ತು ವಿದ್ಯುತ್ ಕಂಪನಿ ಹೆಸ್ಕಾಂಗೆ ಇರಲಿ: ಗೋಪುರಗಳಿಗೆ ಮಳೆಗಾಲ ಮುಗಿಯುವವರೆಗೆ ಡೀಸೆಲ್ ಒದಗಿಸಿ. ಇದು ಮಾನಸಿಕ ಆರೋಗ್ಯದ ಬೇಡಿಕೆಯೇ ಎಂದು ನಗಬೇಡಿ.

ಸೋಂದೆ ತೋಟಿಗ

ನಗಲಿಲ್ಲ, ಬರೆದುಕೊಂಡೆ. ಗ್ರಾಮ ಪಂಚಾಯಿತಿಯ ಅರಿವು ಕೇಂದ್ರಗಳಲ್ಲಿ (ಗ್ರಂಥಾಲಯಗಳಲ್ಲಿ) ಒಂದು ಬಾಗಿಲಿರುವ ಸಣ್ಣ ಕೋಣೆ, ಅಂತರ್ಜಾಲ ಮತ್ತು ಒಂದು ಫೋನು ಇಡಬಹುದೇ? 2024ರ ಅಕ್ಟೋಬರಿನಲ್ಲಿ ಟೆಲಿ ಮಾನಸ್ ವಿಡಿಯೋ ಸಮಾಲೋಚನೆಯನ್ನು ಆರಂಭಿಸಿದಾಗ ಮೊದಲು ಆರಿಸಿಕೊಂಡ ರಾಜ್ಯಗಳಲ್ಲಿ ನಮ್ಮದೂ ಇತ್ತು. ಅದು ಹಳ್ಳಿಯವನ ಕೈಗೆ ಸಿಗಬೇಕಾದರೆ ಇಂಥ ಕೋಣೆಯೇ ದಾರಿ ಎಂದು ತೋರುತ್ತದೆ.

ಡಿಗ್ಗಿ ಕಡೆಯವನು, ಜೋಯಿಡಾ

ಹಗಲಿಗೆ ಆಗಬಹುದು. ರಾತ್ರಿಗೆ ಬೀಗ.

ಕಾಸರಕೋಡು ಟೊಂಕ

ಕರಾವಳಿಯ ಭಾಷೆಯ ವಿಷಯ ಯಾರೂ ಎತ್ತಲಿಲ್ಲ. ಈ ಸೇವೆ 20 ಭಾಷೆಗಳಲ್ಲಿದೆ ಎನ್ನುತ್ತಾರೆ, ಸಂತೋಷ. ಆದರೆ ನಮ್ಮ ಜಿಲ್ಲೆಯ ಜನ ದುಃಖವನ್ನು ಯಾವ ಭಾಷೆಯಲ್ಲಿ ಹೇಳುತ್ತಾರೆಂದು ಎಣಿಸಿ ನೋಡಿ. ಖಾರ್ವಿಯವರ ಕೊಂಕಣಿ ಬೇರೆ, ಸದಾಶಿವಗಡದ ಕೊಂಕಣಿ ಬೇರೆ, ಜೋಯಿಡಾದ ಕುಣಬಿಗಳದು ಇನ್ನೊಂದು. ಭಟ್ಕಳದ ನವಾಯಿತರಿಗೆ ನವಾಯಿತಿ, ಅಂಕೋಲೆಯ ಹಾಲಕ್ಕಿ ಒಕ್ಕಲಿಗರಿಗೆ ಅವರದೇ ಕನ್ನಡ, ಯಲ್ಲಾಪುರ ಹಳಿಯಾಳದ ಸಿದ್ದಿಗಳದು ಮೂರು ಭಾಷೆ ಬೆರೆತ ಮಾತು, ಮುಂಡಗೋಡಿನ ಶಿಬಿರಗಳಲ್ಲಿ ಟಿಬೆಟನ್. ಇವರೆಲ್ಲರೂ ಪೇಟೆಯಲ್ಲಿ ಕನ್ನಡ ಮಾತಾಡಿಯಾರು. ಆದರೆ ಮೀನಿನ ದರ ಹೇಳುವ ಕನ್ನಡದಲ್ಲಿ ಒಡಲಿನ ಸಂಕಟ ಹೇಳಲಾಗುವುದಿಲ್ಲ.

ನಮ್ಮ ಕೇರಿಯಲ್ಲಿ ಯಾರೂ ಖಿನ್ನತೆ ಎಂಬ ಪದ ಬಳಸುವುದಿಲ್ಲ. ಎದೆ ಭಾರ, ಕೈಕಾಲು ಸೋಲು, ಗಾಳಿ ಸೋಕಿದೆ, ಯಾರೋ ಮಾಡಿಸಿದ್ದಾರೆ ಎನ್ನುತ್ತಾರೆ. ಮೊದಲು ದೇವಸ್ಥಾನಕ್ಕೆ ಹೋಗಿ ಕೌಲು, ಅಂದರೆ ದೇವರ ಅಪ್ಪಣೆ, ಕೇಳುತ್ತಾರೆ, ಆಮೇಲೆ ಆಸ್ಪತ್ರೆ. ಇದನ್ನು ಮೂಢನಂಬಿಕೆಯೆಂದು ಗದರುವ ಆಪ್ತಸಮಾಲೋಚಕ ಸಿಕ್ಕಿದರೆ ಆ ಮನೆಯಿಂದ ಎರಡನೆಯ ಕರೆ ಹೋಗುವುದಿಲ್ಲ. ಅರ್ಚಕರಿಗೂ ದೇವರು ಮೈಮೇಲೆ ಬರುವ ದರ್ಶನದ ಪಾತ್ರಿಗಳಿಗೂ ಈ ಸಂಖ್ಯೆಯನ್ನು ತಿಳಿಸಿಡುವುದೇ ಜಾಣತನ. ಪ್ರಸಾದ ಕೊಟ್ಟ ಮೇಲೆ, ಡಾಕ್ಟರಿಗೂ ಒಮ್ಮೆ ತೋರಿಸು ಎಂದು ಅವರ ಬಾಯಿಂದ ಬಂದರೆ ಯಾವ ಭಿತ್ತಿಪತ್ರವೂ ಅದಕ್ಕೆ ಸಮನಲ್ಲ.

ಇನ್ನು ಕಾಲದ ವಿಷಯ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ದುಡಿಮೆ ಇಲ್ಲ, ಸಾಲದವರು ಬಾಗಿಲಿಗೆ ಬರುತ್ತಾರೆ, ಗಂಡಸರು ಮನೆಯಲ್ಲಿ ಕುಳಿತು ಕುಡಿಯುತ್ತಾರೆ. ಘಟ್ಟದ ಮೇಲೆ ಕೊಳೆರೋಗ ಬರುವುದೂ ಅದೇ ತಿಂಗಳುಗಳಲ್ಲಿ. ವರ್ಷವಿಡೀ ಸಮನಾಗಿ ಹಂಚುವ ಸಿಬ್ಬಂದಿಯನ್ನು ನಮ್ಮ ಜಿಲ್ಲೆಗೆ ಮಳೆಗಾಲದಲ್ಲಿ ಹೆಚ್ಚಿಸಿ ಎಂದು ಕೇಳುವುದು ತಪ್ಪೇನಲ್ಲ.

ಹೆಸರು ಬೇಡ

ನನ್ನದು ಸಣ್ಣ ಪ್ರಶ್ನೆ. ಸಾಯಬೇಕೆನ್ನಿಸುತ್ತದೆ ಎಂದು ಆ ಸಂಖ್ಯೆಗೆ ಹೇಳಿದರೆ ಪೊಲೀಸರು ಮನೆಗೆ ಬರುತ್ತಾರೆಯೇ? ಕೇಸು ಆಗುತ್ತದೆಯೇ? ಊರಲ್ಲಿ ಹಾಗೆಂದೇ ಹೇಳುತ್ತಾರೆ.

ಶಿರಸಿಯ ವಕೀಲ

ಹಾಗೆ ಹೇಳಿಕೊಂಡದ್ದಕ್ಕೆ ಕೇಸು ಆಗುವುದಿಲ್ಲ. ಈ ಭಯವೇ ಎಷ್ಟೋ ಕರೆಗಳನ್ನು ಗಂಟಲಲ್ಲೇ ತಡೆದಿರಬೇಕು, ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಮನಸ್ಸಿಗೆ ಹಾಗೆ ಅನ್ನಿಸುವುದು, ಅದನ್ನು ಇನ್ನೊಬ್ಬರಿಗೆ ಹೇಳಿಕೊಳ್ಳುವುದು ಎಂದೂ ಅಪರಾಧವಾಗಿರಲಿಲ್ಲ. ಪ್ರಯತ್ನಕ್ಕೆ ಶಿಕ್ಷೆ ಹೇಳುತ್ತಿದ್ದ ಭಾರತೀಯ ದಂಡ ಸಂಹಿತೆಯ 309ನೇ ಕಲಮು ಕೂಡ, 2018ರ ಮೇ 29ರಂದು ಜಾರಿಗೆ ಬಂದ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ, 2017ರ 115ನೇ ಕಲಮಿನಿಂದ ಬಹುಮಟ್ಟಿಗೆ ನಿಷ್ಕ್ರಿಯವಾಯಿತು. ಅಂಥ ವ್ಯಕ್ತಿ ತೀವ್ರ ಒತ್ತಡದಲ್ಲಿದ್ದನೆಂದೇ ಭಾವಿಸಬೇಕು, ಅವನಿಗೆ ಆರೈಕೆ ಒದಗಿಸುವುದು ಸರ್ಕಾರದ ಕರ್ತವ್ಯ ಎಂದು ಆ ಕಲಮು ಹೇಳುತ್ತದೆ. 2024ರ ಜುಲೈ 1ರಿಂದ ಬಂದಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಹಳೆಯ 309 ಇಲ್ಲವೇ ಇಲ್ಲ. ಸರ್ಕಾರಿ ನೌಕರನನ್ನು ಕರ್ತವ್ಯದಿಂದ ತಡೆಯಲು ಅಥವಾ ಬಲವಂತಪಡಿಸಲು ಹಾಗೆ ಮಾಡಿದರೆ ಮಾತ್ರ 226ನೇ ಕಲಮು ಅನ್ವಯಿಸುತ್ತದೆ.

ಮನವಿ ಬರೆಯುವವರು ಅದೇ 2017ರ ಕಾಯ್ದೆಯ 18ನೇ ಕಲಮನ್ನು ತಪ್ಪದೆ ಉಲ್ಲೇಖಿಸಬೇಕು. ಮಾನಸಿಕ ಆರೋಗ್ಯ ಸೇವೆ ಪಡೆಯುವುದು ಪ್ರತಿಯೊಬ್ಬನ ಹಕ್ಕು; ಕನಿಷ್ಠ ಸೇವೆಗಳು ಸರ್ಕಾರದ ವತಿಯಿಂದ ಪ್ರತಿ ಜಿಲ್ಲೆಯಲ್ಲೂ ಇರಬೇಕು; ಇಲ್ಲದಿದ್ದರೆ ಜಿಲ್ಲೆಯೊಳಗಿನ ಬೇರೆ ಸಂಸ್ಥೆಯಲ್ಲಿ ಪಡೆದ ಚಿಕಿತ್ಸೆಯ ವೆಚ್ಚವನ್ನು ಸರ್ಕಾರ ಭರಿಸಬೇಕು ಎಂದು ಅಲ್ಲಿದೆ. ನಾವು ಕೃಪೆ ಕೇಳುತ್ತಿಲ್ಲವೆಂಬುದು ಮನವಿಯ ಧಾಟಿಯಲ್ಲೇ ಗೊತ್ತಾಗಲಿ.

ಮೂಲತಃ ಕುಮಟಾ, ಈಗ ಹೊರಜಿಲ್ಲೆಯಲ್ಲಿ ಆಪ್ತಸಮಾಲೋಚಕಿ

ಮೊದಲು "ಹೆಸರು ಬೇಡ" ಎಂದು ಬರೆದವರಿಗೆ. ನೀವು ಕೇಳಿದ್ದು ನಿಮಗಾಗಿಯೇ ಆಗಿದ್ದರೆ, ಇವತ್ತು ರಾತ್ರಿಯೇ 14416ಕ್ಕೆ ಕರೆ ಮಾಡಿ. ನಿಮ್ಮ ಹತ್ತಿರದವರೊಬ್ಬರಿಗೆ ಒಂದೇ ಒಂದು ವಾಕ್ಯದಲ್ಲಾದರೂ ವಿಷಯ ತಿಳಿಸಿ. ತಡೆಯಲಾಗದಷ್ಟು ತೀವ್ರವೆನಿಸಿದರೆ 112ಕ್ಕೆ ಕರೆ ಮಾಡಿ ಅಥವಾ ಯಾರನ್ನಾದರೂ ಕರೆದುಕೊಂಡು ಹತ್ತಿರದ ಆಸ್ಪತ್ರೆಗೆ ಹೋಗಿ. ಬೇರೆಯವರಿಗಾಗಿ ಕೇಳಿದ್ದರೆ, ಅವರೊಂದಿಗೆ ಕುಳಿತು, ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿಯೇ ಕೇಳಿ. ಕೇಳಿದರೆ ಇಲ್ಲದ ಯೋಚನೆ ಬರುತ್ತದೆ ಎಂಬುದು ತಪ್ಪು ತಿಳಿವಳಿಕೆ. ಯಾರಾದರೂ ಕೇಳಲಿ ಎಂದೇ ಹೆಚ್ಚಿನವರು ಕಾಯುತ್ತಿರುತ್ತಾರೆ.

ಇನ್ನು ಚರ್ಚೆಯ ವಿಷಯಕ್ಕೆ ಬರುತ್ತೇನೆ. ಕರೆಯ ನಂತರದ ಆರೈಕೆಯನ್ನು ಆಶಾ ಕಾರ್ಯಕರ್ತೆಯರಿಗೆ ವಹಿಸಿಬಿಡಿ ಎಂಬ ಸಲಹೆ ಇಂಥ ಚರ್ಚೆಗಳಲ್ಲಿ ಬಂದೇ ಬರುತ್ತದೆ. ಇಲ್ಲಿ ಇನ್ನೂ ಬಂದಿಲ್ಲ, ಬರುವ ಮೊದಲೇ ಉತ್ತರಿಸುತ್ತೇನೆ. ಆಶಾ ಅದೇ ಊರಿನ ಸೊಸೆ. ಯಾರ ಮನೆಯ ಪಾತ್ರೆ ಯಾವ ಹೊತ್ತಿಗೆ ಸದ್ದು ಮಾಡುತ್ತದೆಂದು ಗೊತ್ತಿರುವವಳು. ಅದೇ ಅವಳ ಶಕ್ತಿ. ಗಂಡನಿಂದ ಹೊಡೆತ ತಿನ್ನುವ ಹೆಣ್ಣುಮಗಳು, ಸಲಿಂಗಿಯಾದ ಹುಡುಗ, ಮದುವೆಯ ಮಾತು ನಡೆಯುತ್ತಿರುವ ಹುಡುಗಿ, ಇವರಿಗೆಲ್ಲ ಅದೇ ಅಡ್ಡಿ. ಇವರು ಬೆಂಗಳೂರಿನ ಅಪರಿಚಿತ ದನಿಗೆ ಮನಸ್ಸು ಬಿಚ್ಚಿದ್ದೇ ಆ ದನಿ ಅಪರಿಚಿತವೆಂಬ ಕಾರಣಕ್ಕೆ. ಮರುದಿನ ಬೆಳಿಗ್ಗೆ ಅತ್ತೆಯ ಎದುರಿನಲ್ಲಿ ಆಶಾ ಬಂದು, ನೀನು ಫೋನ್ ಮಾಡಿದ್ದೆಯಂತೆ ಎಂದರೆ ಆ ಮನೆಯಲ್ಲಿ ಏನಾದೀತು? 2017ರ ಕಾಯ್ದೆಯ 23ನೇ ಕಲಮು ಗೋಪ್ಯತೆಯನ್ನು ಹಕ್ಕೆಂದೇ ಹೇಳಿದೆ. ಹಾಗೆಂದು ಊರಿನವರು ಬೇಡವೇ ಬೇಡ ಎಂದರೆ ಸೋಂದೆಯ ಆ ಏಳು ದಿನಗಳಿಗೆ ಉತ್ತರವಿಲ್ಲ.

ನಾನು ಕಂಡುಕೊಂಡ ದಾರಿ ಇದು. ಕರೆಯ ಕೊನೆಯಲ್ಲಿ ಮೂರು ಆಯ್ಕೆ ಕೊಡಬೇಕು: ಯಾರೂ ಬರುವುದು ಬೇಡ, ನಾವೇ ಮತ್ತೆ ಫೋನ್ ಮಾಡುತ್ತೇವೆ; ನಿಮ್ಮ ಊರಿನವರಲ್ಲದ, ಪಕ್ಕದ ಉಪಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿ ನಿಮ್ಮನ್ನು ಕಾಣುತ್ತಾರೆ; ಅಥವಾ ನಿಮ್ಮ ಊರಿನ ಆಶಾ ಆದರೂ ಅಡ್ಡಿಯಿಲ್ಲ. ಆಯ್ಕೆ ಕರೆ ಮಾಡಿದವರದು. ಮರುಕರೆ ಯಾವ ಹೊತ್ತಿಗೆ ಬಂದರೆ ಕ್ಷೇಮ ಎಂಬುದನ್ನೂ ಅವರೇ ಹೇಳಬೇಕು.

ನಮ್ಮ ಕೆಲಸದ ಬಗ್ಗೆಯೂ ಒಂದು ಮಾತು ಸೇರಿಸಲು ಸಂಕೋಚವಿಲ್ಲ. ರಾತ್ರಿಪಾಳಿಯಲ್ಲಿ ಒಂದು ಕಠಿಣ ಕರೆ ಮುಗಿಸಿ ನೀರು ಕುಡಿಯುವಷ್ಟರಲ್ಲಿ ಇನ್ನೊಂದು ಬರುತ್ತದೆ. ಗುತ್ತಿಗೆ ನೌಕರಿ, ವರ್ಷ ವರ್ಷ ನವೀಕರಣದ ಆತಂಕ. ಇವತ್ತು ಮಾತಾಡಿದವರು ಆರು ತಿಂಗಳ ನಂತರ ಅಲ್ಲಿರುವುದಿಲ್ಲ. ವಿಸ್ತರಣೆ ಎಂದರೆ ಕಲಿತವರು ಉಳಿಯುವಂತೆ ಮಾಡುವುದೂ ಹೌದು.

ಗಂಗಾವಳಿ ದಂಡೆ, ಅಂಕೋಲಾ

2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಕುಸಿದು ಗಂಗಾವಳಿಗೆ ಬಿತ್ತು. ಆ ಮಣ್ಣು, ಅದಕ್ಕೆ ನದಿಯ ನೀರು ಎದ್ದು ಆಚೆ ದಂಡೆಯ ಮನೆಗಳಿಗೆ ನುಗ್ಗಿದ್ದು, ಇವನ್ನು ಕಂಡವರಲ್ಲಿ ನಾನೊಬ್ಬ. ಲಾರಿಯೊಂದನ್ನು ನದಿಯಿಂದ ಮೇಲೆತ್ತಿದ್ದು ಸೆಪ್ಟೆಂಬರಿನ ಕೊನೆಯಲ್ಲಿ. ಅಷ್ಟು ದಿನ ಕಾಯುತ್ತಿದ್ದ ಮನೆಗಳಿದ್ದವು. ಹೆಣ ಸಿಗದೆ ಹನ್ನೊಂದನೆಯ ದಿನದ ಕ್ರಿಯೆ ಮಾಡುವುದೋ ಬಿಡುವುದೋ ತಿಳಿಯದೆ, ಅಳುವುದಕ್ಕೂ ಹೆದರುವ ಮನೆಗಳು. ಅಂಥವರು 14416 ಒತ್ತುತ್ತಾರೆಂದು ನಿರೀಕ್ಷಿಸುವುದೇ ತಪ್ಪು. ಅವರಿಗೆ ತಮಗೆ ಸಹಾಯ ಬೇಕೆಂದೂ ಗೊತ್ತಿರುವುದಿಲ್ಲ.

ಹಾಗಾಗಿ ನನ್ನ ಬೇಡಿಕೆ ಒಂದೇ. ಕರೆ ಬರಲೆಂದು ಕಾಯುವ ಸಹಾಯವಾಣಿಯ ಜೊತೆಗೆ ತಾನೇ ಕರೆ ಮಾಡುವ ಸಹಾಯವಾಣಿಯೂ ಬೇಕು. ಕೋವಿಡ್ ಕಾಲದಲ್ಲಿ ಸೋಂಕಿತರಿಗೂ ಮನೆಯಲ್ಲಿ ದಿಗ್ಬಂಧನದಲ್ಲಿದ್ದವರಿಗೂ ನಮ್ಮ ರಾಜ್ಯದ ಮಾನಸಿಕ ಆರೋಗ್ಯ ತಂಡಗಳು ತಾವಾಗಿಯೇ ಫೋನ್ ಮಾಡಿ ವಿಚಾರಿಸಿದ್ದು ನೆನಪಿದೆಯಲ್ಲ. ಹಾಗೆಯೇ ಗುಡ್ಡ ಕುಸಿದಲ್ಲಿ, ಕದ್ರಾ ಅಣೆಕಟ್ಟಿನ ನೀರು ಬಿಟ್ಟು ಕಾಳಿ ದಂಡೆಯ ಮನೆ ಮುಳುಗಿದಲ್ಲಿ, ದೋಣಿ ಮರಳದ ಮನೆಯಲ್ಲಿ, ತಹಸೀಲ್ದಾರರ ಪರಿಹಾರದ ಪಟ್ಟಿ ತಯಾರಾಗುವಾಗಲೇ, ಮನೆಯವರ ಒಪ್ಪಿಗೆ ಕೇಳಿ, ಅದೇ ಪಟ್ಟಿ ಸಹಾಯವಾಣಿಗೂ ಹೋಗಬೇಕು. ಮೊದಲ ವಾರ ಎಲ್ಲರೂ ಬರುತ್ತಾರೆ, ಮಂತ್ರಿಗಳೂ ಬರುತ್ತಾರೆ. ಫೋನ್ ಬೇಕಾದದ್ದು ಮೂರನೆಯ ತಿಂಗಳಲ್ಲಿ, ಮತ್ತೆ ಮುಂದಿನ ಜುಲೈಯಲ್ಲಿ, ಮೊದಲ ಜೋರು ಮಳೆ ಹೊಡೆದ ರಾತ್ರಿ.

ಸೋಂದೆ ತೋಟಿಗ

ಕರಡನ್ನು ಪೂರ್ತಿ ತಿರುವಿ ಬರೆದಿದ್ದೇನೆ. ಮೊದಲು ಆಶಾ ಕಾರ್ಯಕರ್ತೆಯರ ಮೂಲಕ ನಿಗಾ ಎಂದು ನಾನೇ ಬರೆದಿಟ್ಟಿದ್ದೆ, ಒಪ್ಪಿಕೊಳ್ಳುತ್ತೇನೆ. ಅದನ್ನು ಹೊಡೆದುಹಾಕಿ ಕುಮಟೆಯವರ ಮೂರು ಆಯ್ಕೆಗಳನ್ನು ಹಾಕಿದ್ದೇನೆ. ಅದೇ ಕರೆಯಲ್ಲಿ ದಿನ ನಿಗದಿ, ಮಂಗಳವಾರವಲ್ಲದ ದಿನಗಳಲ್ಲಿ ತಾಲ್ಲೂಕು ವೈದ್ಯರ ಹೊಣೆ, ಮಳೆಗಾಲದ ಹೆಚ್ಚುವರಿ ಸಿಬ್ಬಂದಿ, ಗೋಪುರದ ಡೀಸೆಲ್, ಶಿರೂರಿನವರ ಪಟ್ಟಿ, 18ನೇ ಕಲಮು ಎಲ್ಲ ಸೇರಿವೆ. ಭಾಷೆಯ ವಿಷಯದಲ್ಲಿ, ಎಲ್ಲ ಮಾತುಗಳಿಗೂ ಹಗಲಿರುಳು ಜನ ಸಿಗುವುದು ಸಾಧ್ಯವಿಲ್ಲವೆಂದು ಉತ್ತರ ಬರುವುದು ಖಚಿತ. ಆದ್ದರಿಂದ ಜಿಲ್ಲೆಯೊಳಗೇ ಆಯಾ ಭಾಷೆಯ ಕೆಲವರಿಗೆ ತರಬೇತಿ ಕೊಟ್ಟು, ಬೇಕಾದಾಗ ಮೂರನೆಯ ವ್ಯಕ್ತಿಯಾಗಿ ಕರೆಗೆ ಸೇರಿಸಿಕೊಳ್ಳಲಿ ಎಂದು ಬರೆದಿದ್ದೇನೆ. ಸಂಖ್ಯೆಯ ಪ್ರಚಾರಕ್ಕೆ ಸೊಸೈಟಿಯ ಪಾಸ್‌ಪುಸ್ತಕ, ಪಡಿತರ ಅಂಗಡಿ, ಮಾರಿಜಾತ್ರೆಯ ಪೇಟೆ ಮತ್ತು ಸಾರಿಗೆ ಬಸ್ಸುಗಳ ಹಿಂಬದಿ ಎಂದು ಸೂಚಿಸಿದ್ದೇನೆ.

ಬಸ್ ನಿರ್ವಾಹಕ, ಯಲ್ಲಾಪುರ

ಹಿಂಬದಿ ಬೇಡ. ಜೂನ್ ಎರಡನೆಯ ವಾರಕ್ಕೆ ಅರಬೈಲು ಘಟ್ಟದ ಕೆಸರು ಹಾರಿ ಏನೂ ಕಾಣುವುದಿಲ್ಲ. ಒಳಗಡೆ, ಕಿಟಕಿಯ ಮೇಲೆ, ಕುಳಿತವರ ಕಣ್ಣಿನ ಎತ್ತರಕ್ಕೆ ಬರೆಸಿ. ಕೊನೆಯ ಬಸ್ಸಿನಲ್ಲಿ ಒಬ್ಬರೇ ಹೋಗುವವರು ಇಡೀ ದಾರಿ ಅಲ್ಲೇ ನೋಡುತ್ತಿರುತ್ತಾರೆ.